ಗೀಟು ಹೊತ್ತ ಸೊನ್ನೆ

ಲೇಯ್ಡಾ ನನಗೆ ಬಿಟ್ಟುಹೋದದ್ದು ಒಂದೇ ಸಾಲು.
ಕೀಲಿಮಣೆಯ ತಳಕ್ಕೆ ಅಂಟಿಸಿದ ಚೀಟಿ,
ಹೊಗೆಯಲ್ಲಿ ಬೇಯಿಸಿದ ಮೀನಿನ ವಾಸನೆ ಅದಕ್ಕಿನ್ನೂ ಇತ್ತು.
ಟರ್ಮಿನಲ್ ತೆರೆಯುವ ಅಪ್ಪಣೆ; ಅದರ ಬಾಲಕ್ಕೆ
ಗೀಟುಗಳ ಸಾಲು, ಗೀಟಿಗೊಂದು ಅಕ್ಷರದ ಗಂಟು.

ಹೀಯುಮಾ ದ್ವೀಪದ ಬಡಗಣ ತುದಿ, ಡಿಸೆಂಬರು,
ಸಮುದ್ರ ಅರ್ಧ ನೀರು, ಅರ್ಧ ಗಾಜು.
ಮೊದಲ ರಾತ್ರಿ ಚೀಟಿಯನ್ನು ಹಾಗೆಯೇ ಟೈಪಿಸಿದೆ,
ಅರ್ಥ ಕೇಳದೆ ಮಗ್ಗಿ ಒಪ್ಪಿಸುವ ಹುಡುಗನಂತೆ.
ಪರದೆಯ ಕೆಳಮೂಲೆಯಲ್ಲಿ ಒಂದು ಕಿಟಕಿ ಎದ್ದಿತು:
ಕಪ್ಪು ನೆಲ, ಆರುವ ಕೆಂಡದ ಬಣ್ಣದ ಅಂಕಿ,
ನೆತ್ತಿಯ ಮೇಲೆ ಹೆಸರು: ಉತ್ತರದ ಕಂಬ.
ನಿಮಿಷಕ್ಕೊಮ್ಮೆ ನೀರಿನ ಮಟ್ಟ.
ನಲವತ್ತೊಂದು.
ನಲವತ್ತೊಂದು.
ನಲವತ್ತೆರಡು.

ಅಂಕಿಗಳೋ, ಒಂದೊಂದೂ ಕುಂಬಳಕಾಯಿ.
ಚೀಟಿ ತಿರುವಿ ನೋಡಿದೆ. -fs ಪಕ್ಕ 11,
ಅದನ್ನು ಹೊಡೆದು 13, ಹೊಡೆದು 16,
ಬೇರೆ ಶಾಯಿಯಲ್ಲಿ 20,
ಕೊನೆಗೆ ಪೆನ್ಸಿಲ್ಲಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ, 28.
ಯಾವ ಕಣ್ಣಿನ ವೈದ್ಯರ ಕಡತದಲ್ಲೂ
ಇಷ್ಟು ನಿಯತ್ತಿನ ಲೆಕ್ಕ ಇರಲಾರದು.

ನಾನು 11 ಎಂದೆ. ಕಿಟಕಿಯೂ ಕುಗ್ಗಿತು,
ಅದರ ಅಳತೆ ಇಂಚಿನದಲ್ಲ, ಅಕ್ಷರದ್ದು:
ಎಂಬತ್ತು ಅಗಲ, ಇಪ್ಪತ್ತನಾಲ್ಕು ಎತ್ತರ.
ಕುಗ್ಗಿದರೂ ಮೂಲೆ ಬಿಡಲಿಲ್ಲ,
ಅಲ್ಲಿಗೇ ಮೊಳೆ ಹೊಡೆದ ಹಾಗೆ -0-0.
ಸೊನ್ನೆಯ ಮುಂದೆ ಗೀಟೆಳೆದರೆ ಸೊನ್ನೆಯೇ ಅಲ್ಲವೇ,
ಶಾಲೆಯಲ್ಲಿ ಹೇಳಿಕೊಟ್ಟದ್ದು ಅಷ್ಟೇ.
ಇಲ್ಲಿ ಅಲ್ಲ. ಕೂಡುವ ಸೊನ್ನೆ ಮೇಲಿನ ಎಡಕ್ಕೆ,
ಕಳೆಯುವ ಸೊನ್ನೆ ಕೆಳಗಿನ ಬಲಕ್ಕೆ,
ನಡುವೆ ಇಡೀ ಪರದೆಯ ದಾರಿ.

ಸುಮ್ಮನೆ ಗೀಟು ಅಳಿಸಿದೆ. ನೆಲ ಬಿಳಿ ಮಾಡಿದೆ.
ಕಿಟಕಿ ಮೇಲಕ್ಕೆ ಹಾರಿ ಕೂತಿತು, ಬೆಳಗಿತು.
ಆಗ ಎದುರಿನ ಗಾಜಿನಾಚೆ ಕಂಬದ ದೀಪ ಇಲ್ಲವಾಯಿತು,
ಸಮುದ್ರವೂ. ಅದರ ಜಾಗದಲ್ಲಿ ನನ್ನ ಮುಖ,
ಕತ್ತಲೆಯ ಮೇಲೆ ತೇಲುವ ಸ್ವೆಟರು, ಚಹಾದ ಲೋಟ.
ಓ, ಇದಕ್ಕಾ.
ಗೀಟು ಮತ್ತೆ ಇಟ್ಟೆ.

ಸಾಲಿನ ತುದಿಗೆ -e. ಅದು ಯಾವತ್ತೂ ತುದಿಗೇ.
ಅದರಾಚೆ ಬರೆದದ್ದೆಲ್ಲ ಕಿಟಕಿಯ ಪಾಲಿಗಲ್ಲ,
ಒಳಗೆ ಕೂತು ಎಣಿಸುವವನ ಪಾಲಿಗೆ.
ನಿದ್ದೆಗಣ್ಣಲ್ಲಿ ಒಮ್ಮೆ ಬಣ್ಣವನ್ನು ಆಚೆ ಬರೆದೆ:
ಕಿತ್ತಳೆ ಎಂಬ ಕಂಬ ನಮ್ಮಲ್ಲಿಲ್ಲ, ಎಂದು ಗೊಣಗಿ
ಎಣಿಸುವವನು ಎದ್ದು ಹೋದ.
ಗೊಣಗಿದ್ದು ಮಾತ್ರ ಪರದೆಯಲ್ಲಿ ಉಳಿಯಿತು.

ಉಳಿಸಿದ್ದು -hold. ದಂಡದ್ದು ಅನ್ನಿಸಿತ್ತು ನನಗೆ,
ಸತ್ತ ಕಿಟಕಿಯನ್ನು ಯಾಕೆ ಕಾಯಬೇಕು?
ಅಂಗಡಿಯಲ್ಲಿ ಬ್ರೆಡ್ಡಿನ ಸಾಲಿನಲ್ಲಿ ಸಿಕ್ಕಾಗ ಕೇಳಿದೆ.
ಲೇಯ್ಡಾ ಬೆಲೆಯ ಚೀಟಿಯನ್ನು ಮೂಗಿಗೆ ತಂದು ಓದುತ್ತಿದ್ದಳು.
'ಆ ಜನವರಿಯ ಗಾಳಿ, ಟಾವೆಟ್,
ನೀನಾಗ ತೊಟ್ಟಿಲಲ್ಲಿ.
ಚಹಾಕ್ಕೆ ನೀರಿಟ್ಟು ತಿರುಗಿದೆ, ಕಿಟಕಿಯೇ ಇಲ್ಲ.
ಪ್ರೋಗ್ರಾಂ ಬಿತ್ತು, ಕಡೆಯ ಅಂಕಿಯನ್ನೂ ಎಳಕೊಂಡು ಹೋಯಿತು.
ದಾಖಲೆಯಲ್ಲಿ ನೂರಾ ಎಷ್ಟೋ ಎಂದು ಬರೆದೆ.
ಎಷ್ಟೋ ಅಂತಲೇ.'
ರೈ ಬ್ರೆಡ್ಡು ಒಂದು ತಗೊಂಡಳು, ಚಿಲ್ಲರೆ ಎಣಿಸಿ ಕೊಟ್ಟಳು.

ಫೆಬ್ರವರಿಯ ಹದಿನೇಳು, ರಾತ್ರಿ ಮೂರೂ ಹತ್ತು.
ಹಿಮದ ಹಲಗೆ ಕೇಬಲ್ಲನ್ನು ಕಡಿಯಿತು.
ಸದ್ದೇನೂ ಆಗಲಿಲ್ಲ ಒಳಗೆ.
ಮುಂದಿನ ನಿಮಿಷಕ್ಕೆ ಅಂಕಿ ಬರಲಿಲ್ಲ, ಅದರ ಮುಂದಿನದಕ್ಕೂ.
ಕಿಟಕಿ ಮಾತ್ರ ಮೂಲೆಯಲ್ಲಿ ನಿಂತೇ ಇತ್ತು,
ಕಪ್ಪು ನೆಲದ ಮೇಲೆ ಕೆಂಡದ ಐವತ್ತೇಳು.
ಬರೆದುಕೊಂಡೆ. ಎರಡು ಸಲ ನೋಡಿ ಬರೆದುಕೊಂಡೆ.
ಬೆಳಕು ಹರಿಯುವ ತನಕ ಅದನ್ನು ಮುಚ್ಚಲು ಕೈ ಬರಲಿಲ್ಲ.

ಈಗ ಹೊಸ ಕೇಬಲ್ಲು, ಹಳೆಯ ಚೀಟಿ.
ಇಪ್ಪತ್ತೆಂಟರ ಪಕ್ಕ ಒಂದಿಷ್ಟು ಜಾಗ ಇದೆ ಇನ್ನೂ.
ಇವತ್ತು 12 ಎಂದು ಟೈಪಿಸಿದೆ.
ಚೀಟಿಗೆ ಹೇಳಲಿಲ್ಲ.