ಅದರಿಂದ

ಕಕ್ಕಡದ ಮಳೆಯಲ್ಲಿ ಏಣಿ ಹತ್ತಬಾರದಿತ್ತು ಬಿಯ್ಯಾತುಮ್ಮ.
ಜಾರಿದ ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು ಹೋದಳು.
ಈಗ ಬಲಗಾಲು ಮೊಣಕಾಲವರೆಗೆ ಬಿಳಿ ಗಾರೆ.
ನೀರು ತಾಗಬಾರದು, ಎಂದರು ನಾಪೋಕ್ಲಿನ ಡಾಕ್ಟರು.
ಹೊರಗೆ ಒಂಬತ್ತು ದಿನದಿಂದ
ನೀರೇ ನಿಂತಿತ್ತು, ನೀರೇ ನಡೆದಿತ್ತು.

ಅವುಳ್ಳ ಮುಸ್ಲಿಯಾರ್ ಬಂದರು ಮುಂಡು ಎತ್ತಿಕಟ್ಟಿ,
ಗೊಬ್ಬರದ ಪ್ಲಾಸ್ಟಿಕ್ಕಿನಲ್ಲಿ ಕಿತಾಬು ಸುತ್ತಿಕೊಂಡು.
ತೊಳೆಯಬಹುದಾದ್ದನ್ನು ತೊಳಿ, ಗಾರೆಯ ಮೇಲೆ ಒದ್ದೆ ಕೈ ಸವರು,
ನೀರು ಮುಟ್ಟದ ಆ ಪಾದದ ಲೆಕ್ಕಕ್ಕೆ
ಮುಖಕ್ಕೂ ಕೈಗೂ ಮಣ್ಣು.

ನನಗಾಗ ಒಂಬತ್ತು ವರ್ಷ. ಕೇಳಿದೆ:
ಕಾಲಿನ ಸಾಲವನ್ನು ಮುಖ ಯಾಕೆ ತೀರಿಸಬೇಕು?
ನಕ್ಕರು. ಹಲ್ಲಿನ ಸಂದಿಯಲ್ಲಿ ಏಲಕ್ಕಿಯ ಸಿಪ್ಪೆ.

ಮಣ್ಣಿಗೇನು ಬರ, ಅಂಗಳ ಪೂರಾ ಅದೇ, ಎಂದಳು ಬಿಯ್ಯಾತುಮ್ಮ.
ಅದು ಕೆಸರು ಮಾರಾಯ್ತಿ. ಧೂಳು ಬೇಕು. ಕೈಗೆ ಹತ್ತುವಂಥ ಧೂಳು.

ಜಗಲಿಯಲ್ಲಿ ಛತ್ರಿಯ ಕಡ್ಡಿಗೆ ದಾರ ಬಿಗಿಯುತ್ತಿದ್ದ ದಸ್ತಗೀರ್ ಸಾಬರು
ಸೂಜಿ ಕಚ್ಚಿಕೊಂಡೇ ಅಂದರು:
ನಮ್ಮಲ್ಲಿ ಗೋಡೆ ಸಾಕು ಮುಸ್ಲಿಯಾರೇ. ಬರೀ ಕಲ್ಲೂ ಸಾಕು.
ನೆಲದ ಮೈ ಯಾವುದಾದರೇನು?

ಪ್ಲಾಸ್ಟಿಕ್ಕು ಬಿಚ್ಚಿತು.
ಇದೇ ಮಾತು ಕುರ್‌ಆನಿನಲ್ಲಿ ಎರಡು ಕಡೆ ಬರುತ್ತದಂತೆ:
ಶುದ್ಧ ಮಣ್ಣನ್ನು ಅರಸಿರಿ, ಮುಖ ಸವರಿಕೊಳ್ಳಿ, ಕೈ ಸವರಿಕೊಳ್ಳಿ.
ಒಂದು ಕಡೆ ಅಷ್ಟಕ್ಕೇ ನಿಲ್ಲುತ್ತದೆ.
ಇನ್ನೊಂದು ಕಡೆ ಕೊನೆಯಲ್ಲಿ ಚೂರು ಮಾತು:
ಮಿನ್‌ಹು. ಅದರಿಂದ.

ಅದರಿಂದ ಅಂದರೆ ಅದರದ್ದೇ ಸ್ವಲ್ಪ, ಎಂದರು ಮುಸ್ಲಿಯಾರ್.
ಕಲ್ಲಿನದ್ದು ಸ್ವಲ್ಪ ಕೆನ್ನೆಗೆ ಹೇಗೆ ಬಂದೀತು?
ಬಿಡಿಸದ ಮಾತನ್ನು ಬಿಡಿಸಿದ ಮಾತಿನ ಪಕ್ಕ ಕೂರಿಸಿ ಓದಬೇಕು.

ಅದರಿಂದ ಅಂದರೆ ಅಲ್ಲಿಂದ ಶುರು, ಎಂದರು ಸಾಬರು.
ಮಡಿಕೇರಿಯಿಂದ ಬಂದೆ ಅಂದರೆ
ಮಡಿಕೇರಿಯನ್ನು ಹೊತ್ತು ತಂದೆನೇ?

ಹೆಂಚಿನ ಮೇಲೆ ಮಳೆ ಎರಡೂ ಕಡೆ ಸುರಿಯಿತು.
ನಿಮ್ಮ ಇಮಾಮರ ದಾರಿಗೆ ಅದು ಸರಿ, ಎಂದರು ಮುಸ್ಲಿಯಾರ್ ಕಡೆಗೆ,
ಇವಳ ಕಾಲು ನಮ್ಮ ಲೆಕ್ಕದಲ್ಲಿದೆ.
ಇಬ್ಬರೂ ಬೆಲ್ಲದ ಕಾಫಿ ಕುಡಿದರು, ಒಂದೇ ಚೊಂಬಿನಿಂದ ಬಗ್ಗಿಸಿಕೊಂಡು.

ಧೂಳು ತರಲು ನನ್ನನ್ನು ಅಟ್ಟಿದರು.
ಗೋಣಿ ಕೊಡವಿದೆ: ಬೇಸಿಗೆಯ ಕಣದ ಕೆಂಪು ಉದುರಿತು,
ಜೊತೆಗೆ ಮೆಣಸಿನ ಪುಡಿ. ಸೀನಿ ಸೀನಿ ಅಂದರು, ಬೆರಕೆ ನಡೆಯದು.
ಒಲೆಯ ಅಟ್ಟದಿಂದ ತಂದದ್ದು ಬೂದಿ. ಬೂದಿ ಮಣ್ಣಲ್ಲ.
ಕಿತಾಬಿನ ಬೆನ್ನನ್ನೇ ಊದಿದೆ.
ಅದು ಕಾಗದದ್ದು, ಎಂದು ಸ್ವಲ್ಪ ನಾಚಿದರು.
ಎಷ್ಟು ಬೆಟ್ಟ, ಎಷ್ಟು ತೋಟ,
ಒಂದು ಹಿಡಿ ಧೂಳಿಲ್ಲದ ಕೊಡಗು.

ಅಸರ್ ಬಾಂಗಿನ ಹೊತ್ತಿಗೆ ನೆನಪಾಯಿತು:
ಸೌದೆ ಕೊಟ್ಟಿಗೆಯ ಸೂರಿನಡಿ
ಹನಿ ಬೀಳದ ಒಂದು ಮೊಳ ನೆಲ.
ಅಲ್ಲಿ ಕುಳಿಯಾನೆಗಳ ಊರು.
ತೋಟಕ್ಕೆ ನುಗ್ಗಿ ಬೈನೆ ಮುರಿಯುವ ಆನೆಯಲ್ಲ,
ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕ ಹುಳ.
ಹಿಂದಕ್ಕೆ, ಹಿಂದಕ್ಕೇ ನಡೆದು ಆಲಿಕೆ ತೋಡುತ್ತದೆ,
ಹರಳನ್ನು ತಲೆಯಿಂದ ಹೊರಗೆಸೆದು
ಹಿಟ್ಟಿನಂಥದ್ದನ್ನೇ ಉಳಿಸಿಕೊಳ್ಳುತ್ತದೆ.
ಹುಳಗಳನ್ನು ಎಲೆಯಲ್ಲಿ ಎತ್ತಿ ಬದಿಗಿಟ್ಟೆ.
ತೆಂಗಿನ ಚಿಪ್ಪು ತುಂಬಲಿಲ್ಲ, ಆದರೂ ಸಾಕಾಯಿತು.

ಮುಸ್ಲಿಯಾರ್ ಬೆರಳಲ್ಲಿ ತಿಕ್ಕಿ ನೋಡಿದರು.
ಇದು, ಅಂದರು. ಅಷ್ಟೇ.
ಬಿಯ್ಯಾತುಮ್ಮ ಅಂಗೈ ಬಡಿದಳು, ಮುಖಕ್ಕೊಂದು ಸಲ,
ಮೊಣಕೈವರೆಗೆ ಇನ್ನೊಂದು ಸಲ.
ಮೂಗಿನ ಬದಿಯಲ್ಲಿ ಒಂದು ಕೆಂಪು ಗೆರೆ ಉಳಿಯಿತು.
ನಾನು ಮನಸ್ಸಿನಲ್ಲೇ ಅಂದುಕೊಂಡೆ: ಅದರಿಂದ.

ಹೊರಡುವಾಗ ಕೇಳಿದೆ:
ಹುಳದ ಮನೆ ಕಿತ್ತದ್ದಕ್ಕೆ ಏನು ಹುಕುಂ?
ಸುತ್ತಿದ್ದ ಕಿತಾಬನ್ನು ಮುಸ್ಲಿಯಾರ್ ಮತ್ತೆ ಬಿಚ್ಚಿದರು,
ಕತ್ತಲಾಗುವವರೆಗೆ ಹಾಳೆ ತಿರುವಿದರು.
ಸಾಬರು ರಿಪೇರಿಯಾದ ಛತ್ರಿಯನ್ನು ಅವರ ಪಕ್ಕ ಒರಗಿಸಿ ಹೋದರು.

ಮರುದಿನ ನೋಡಿದರೆ ಅಲ್ಲೇ,
ನಾನು ಬಿಟ್ಟುಬಂದ ಎರಡು ಬೆರಳಗಲ ಧೂಳಿನಲ್ಲಿ
ಹಿಂದಕ್ಕೆ ಹೆಜ್ಜೆಯಿಟ್ಟು ತೋಡುತ್ತಿದ್ದವು.