ಶೇಷ ಎರಡು

ಉದ್ದ ಎರಡು ಮೀಟರ್ ನಲವತ್ತು, ಅಗಲ ಒಂದು ಇಪ್ಪತ್ತು,
ಆಳ ಮೊಳಕ್ಕೆ ಕೊಂಚ ಕಮ್ಮಿ, ನಲವತ್ತು ಸೆಂಟಿ.
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಗುಣಿಸಿದೆ:
ಸಾವಿರದ ನೂರೈವತ್ತೆರಡು ಲೀಟರ್ ಮಣ್ಣು.
ಐವತ್ತರ ಚೀಲ ಇಪ್ಪತ್ತಮೂರು,
ಶೇಷ ಎರಡು.
ಎರಡು ಲೀಟರಿಗೆ ಇನ್ನೊಂದು ಚೀಲವೇ?
ಜುಗ್ಗತನ ನನ್ನ ಹುಟ್ಟುಗುಣ.

ಸ್ವಾನ್ಸಿಯ ಗುಡ್ಡದ ಮೇಲೆ, ಬೇಲಿಯಾಚೆಯ ಗ್ವಿಲಿಮ್
ಚೀಟಿಯನ್ನು ದೂರ ಹಿಡಿದು ಓದಿದ.
"ಲೆಕ್ಕ ಸರಿ. ಮಣ್ಣು ಕೂರುತ್ತದಲ್ಲ,
ಅದನ್ನೆಲ್ಲಿ ಬರೆದಿದ್ದೀ?"
ಮೂವತ್ತು ವರ್ಷ ಕೌನ್ಸಿಲ್ಲಿನ ಸ್ಮಶಾನದಲ್ಲಿ
ಗುಂಡಿ ತೋಡಿದವನು.
ತೆಗೆದ ಮಣ್ಣೇ ತಿರುಗಿ ಹಾಕಿದರೂ, ಒಳಗೆ ಪೆಟ್ಟಿಗೆ ಇದ್ದರೂ,
ಮೊದಲು ದಿಬ್ಬ, ವರುಷಕ್ಕೆ ಮಟ್ಟ,
ಆಮೇಲೆ ತಗ್ಗು.
"ಜನ ಬಂದು ನನ್ನನ್ನೇ ಕೇಳುತ್ತಿದ್ದರು,
ಎಲ್ಲಿ ಹೋಯಿತು ಅಂತ."

ಇಪ್ಪತ್ತೇಳು ಚೀಲ ತಂದೆ. ಅಂಚಿಗಿಂತ ಎತ್ತರಕ್ಕೆ ಪೇರಿಸಿ
ಮೆಂತ್ಯ ಚೆಲ್ಲಿದೆ.
(ಹಾಗಲಕ್ಕೆ ಇಲ್ಲಿ ಬಿಸಿಲು ಸಾಲದು; ಅದು ಬೇರೆ ಲೆಕ್ಕ.)
ನವೆಂಬರಿಗೆ ಹಲಗೆಯ ಒಳಮೈ
ನಾಲ್ಕು ಬೆರಳು ಕಂಡಿತು, ಒದ್ದೆಯಾಗಿ, ಕಪ್ಪಾಗಿ.

ಅವನು ಮಾತಾಡದೆ ಬಕೆಟ್ಟಿನಲ್ಲಿ ಎಲೆಗೊಬ್ಬರ ತಂದು ಸುರಿದ.
ಎಷ್ಟು ಹಿಡಿಯಿತೋ, ಅಳೆಯಲಿಲ್ಲ.