ಮೂರನೆಯ ಕೋಟು

ಹಸಿರು ಅಡಗುವುದಿಲ್ಲ ಒಂದು ಕೋಟಿಗೆ.
ಕೇಸರಿ ಇನ್ನೂ ಹಟಮಾರಿ,
ಬಿಳಿಯ ಅಡಿಯಿಂದ ಹಣ್ಣು ಪಪ್ಪಾಯಿಯ ಹಾಗೆ ಇಣುಕುತ್ತದೆ.
ಇದನ್ನು ಶಾಂತಿ ಸಭೆಯಲ್ಲೇ ಹೇಳಿದ್ದೆ,
ಬಾಗಿಲ ಬಳಿ ನಿಂತು.
ಯಾರೂ ಬರೆದುಕೊಳ್ಳಲಿಲ್ಲ.

ತಹಶೀಲ್ದಾರರು, ಇನ್ಸ್‌ಪೆಕ್ಟರು,
ಮಸೀದಿಯ ಖತೀಬರು, ದೇವಸ್ಥಾನದ ಮೊಕ್ತೇಸರರು,
ಮೂರು ಪಕ್ಷದ ಆರು ಬಣ,
ನೇಂದ್ರಬಾಳೆಯ ಪೋಡಿ, ಸಕ್ಕರೆ ಹೆಚ್ಚಾದ ಚಾ.
ತೀರ್ಮಾನ ಮಲಯಾಳದಲ್ಲಿ, ಸಹಿ ಕನ್ನಡದಲ್ಲಿ,
ಹೊರಗೆ ಬಂದು ಬೈದುಕೊಂಡದ್ದು ತುಳುವಿನಲ್ಲಿ, ಬ್ಯಾರಿಯಲ್ಲಿ:
ಶಿರಿಯ ಸಂಕದಿಂದ ಶಾಲೆಯ ತಿರುವಿನವರೆಗೆ
ಕಂಬ, ಮೋರಿ, ಬಸ್ಸಿನ ತಂಗುದಾಣ
ಎಲ್ಲ ಬಿಳಿ. ಮೂರು ದಿನದೊಳಗೆ.

ಕೆಲಸ ನನಗೇ ಸಿಕ್ಕಿತು. ಸಿಗದೆ?
ಎರಡೂ ಬಣ್ಣ ಬಳಿದವ ನಾನೇ.
ಕಂಬಕ್ಕೆ ಎಂಬತ್ತು ರೂಪಾಯಿ, ಮೋರಿಗೆ ನೂರೈವತ್ತು,
ರಾತ್ರಿ ಹನ್ನೊಂದರ ಮೇಲಾದರೆ ಇಮ್ಮಡಿ.
ಏಣಿ ಹಿಡಿಯುತ್ತಿದ್ದವ ಅಂದುಂಞಿ,
ಹಸಿರಿಗೂ ಅವನೇ, ಕೇಸರಿಗೂ ಅವನೇ.
"ಐತಪ್ಪಣ್ಣ, ಕಂಬಕ್ಕೆ ಎಂತ ಗೊತ್ತು?" ಅನ್ನುತ್ತಿದ್ದ.
ಈಗ ಬರುವುದಿಲ್ಲ. ಅವನ ಮನೆಯವರು ಬೇಡ ಅಂದಿದ್ದಾರೆ.
ನನ್ನ ಮನೆಯವರೂ ಅಂದಿದ್ದಾರೆ.
ಏಣಿಯ ಕಾಲಿಗೆ ಎರಡು ಮುರಕಲ್ಲು ಒತ್ತು ಕೊಟ್ಟಿದ್ದೇನೆ.
ಕಲ್ಲು ತಮಾಷೆ ಮಾಡುವುದಿಲ್ಲ.

ತಂಗುದಾಣದ ಹಿಂಗೋಡೆ ಕೆರೆದೆ.
ಹಸಿರಿನಡಿ ಕೇಸರಿ, ಕೇಸರಿಯಡಿ ಕೆಂಪು,
ಕೆಂಪಿನಡಿ ಯಾವುದೋ ಕೊಡೆ ಕಂಪೆನಿಯ ನೀಲಿ,
ಎಲ್ಲದರಡಿ ಕಪ್ಪು ಅಕ್ಷರ, ನನ್ನ ಅಪ್ಪನ ಕೈ,
ಆ 'ಬ'ದ ಹೊಟ್ಟೆ ಇನ್ಯಾರಿಗೂ ಬರುವುದಿಲ್ಲ:
ಉಗುಳಬಾರದು.

ಬೆಂಚಿನ ಎಡತುದಿಯಲ್ಲಿ ಒಂದು ಕಲೆ ಉಂಟು.
ಫಿನಾಯಿಲಿಗೆ ಹೋಗಲಿಲ್ಲ.
ಆಸಿಡ್ಡಿಗೆ ಸಿಮೆಂಟು ಹೋಯಿತು, ಅದು ಹೋಗಲಿಲ್ಲ.
ಹತ್ತೊಂಬತ್ತು ವರ್ಷ. ಮೊಬೈಲ್ ರಿಪೇರಿ ಕಲಿಯುತ್ತಿದ್ದ.
ನನ್ನ ಫೋನು ಅವನ ಮೇಜಿನ ಮೇಲೆ
ಈಗಲೂ ಬಿಚ್ಚಿಕೊಂಡೇ ಉಂಟಂತೆ.
ಯಾವ ಕಡೆಯವ ಅಂತ ಕೇಳಬೇಡಿ.
ಹೇಳಿದರೆ ಬಳಿದದ್ದೆಲ್ಲ ಮತ್ತೆ ಬಣ್ಣ ಬಿಡುತ್ತದೆ.

ಎರಡನೆಯ ಕೋಟು ಒಣಗುವ ಮೊದಲೇ
ಬಸ್ಸು ಕಾಯುವವಳೊಬ್ಬಳು ಒರಗಿದಳು.
ಕಪ್ಪು ಬುರ್ಖಾದ ಭುಜದಲ್ಲಿ ಅಂಗೈಯಗಲ ಬಿಳಿ.
"ಅಯ್ಯೋ, ಸೀಮೆಎಣ್ಣೆ ಹಾಕಿ ಉಜ್ಜಿ ತಾಯಿ, ಹೋಗ್ತದೆ" ಅಂದೆ.
ಸೀಮೆಎಣ್ಣೆ ಅಂದದ್ದೇ
ಇಬ್ಬರೂ ಸುಮ್ಮನಾದೆವು.
ಎದುರಿಗೆ ಸುಟ್ಟ ಅಂಗಡಿಯ ಶಟರು
ಡೊಂಕಾಗಿ ಅರ್ಧಕ್ಕೆ ನಿಂತಿತ್ತು.
ಬಸ್ಸು ಬಂತು. ಆ ಬಿಳಿ ಹೊತ್ತುಕೊಂಡೇ ಹತ್ತಿದಳು.
ಒಳಗೆ ಯಾರಾದರೂ ಸರಿದು ಜಾಗ ಕೊಟ್ಟರೋ,
ಗಾಜಿಗೆ ಬಿಸಿಲು ಹೊಡೆಯುತ್ತಿತ್ತು, ಕಾಣಲಿಲ್ಲ.

ರಾತ್ರಿ ಗೋಡೆಗೆ ಕಾವಲು ಒಬ್ಬ ಪೊಲೀಸು,
ತ್ರಿಶೂರು ಕಡೆಯ ಹುಡುಗ, ಪ್ಲಾಸ್ಟಿಕ್ ಕುರ್ಚಿ.
"ಮಳೆಗೆ ಎಂಟು ದಿನ ಉಂಟು, ಅಷ್ಟರೊಳಗೆ ನಿಮ್ಮ ಬಣ್ಣ ನಿಲ್ಲುತ್ತದಾ?"
ಎಂದು ಕೇಳಿದ, ಅವನ ಭಾಷೆಯಲ್ಲಿ.
"ನೆಲ ಹಸಿ ಇಲ್ಲದಿದ್ದರೆ ನಿಲ್ಲುತ್ತದೆ" ಅಂದೆ, ನನ್ನದರಲ್ಲಿ.

ಮೂರನೆಯ ಬೆಳಿಗ್ಗೆ
ಬಿಳಿಯ ಮೇಲೆ ಯಾರೋ ಬರೆದಿದ್ದರು.
ಪೊಲೀಸು ಚಾ ಕುಡಿಯಲು ಹೋದಾಗ ಇರಬೇಕು.
ಎದೆ ಧಸಕ್ಕಂತು. ಕಿಸೆಯಲ್ಲಿ ಕನ್ನಡಕ ಹುಡುಕಿದೆ.
ಇದ್ದಿಲಿನಲ್ಲಿ, ಸೊಟ್ಟಸೊಟ್ಟ:

8.20 ಇಲ್ಲ
8.45 ಉಂಟು

ಕೆಳಗೆ ಬೇರೆ ಕೈ, ಮಲಯಾಳದಲ್ಲಿ ತಿದ್ದಿತ್ತು:
ಭಾನುವಾರ ಅದೂ ಇಲ್ಲ.

ಡಬ್ಬ ಬಿಚ್ಚಿದ್ದೆ, ಬ್ರಶ್ಶು ಅದ್ದಿಯೂ ಆಗಿತ್ತು.
ಅಂದುಂಞಿಗೆ ಹೇಳಬೇಕು ಅನಿಸಿತು.
ಫೋನಿಲ್ಲ.
ಅದರ ಸುತ್ತ ಬಳಿದೆ, ಇದ್ದಿಲು ತಾಗದ ಹಾಗೆ.
ಬಿಲ್ಲಿನಲ್ಲಿ ಒಂದೂವರೆ ಚದರ ಅಡಿ
ಕಡಿಮೆ ತೋರಿಸಬೇಕು.